ಆಂಟಿವೈರಸ್ ಪರವಾನಗಿ ಬೆಲೆಯ ವ್ಯತ್ಯಾಸ

ಆಂಟಿವೈರಸ್ ಪರವಾನಗಿ ಎಂದರೆ ಗಣಕಯಂತ್ರವನ್ನು ವೈರಸ್ ಮೊದಲಾದ ಹಾನಿಕಾರಕ ತಂತ್ರಾಂಶಗಳಿಂದ ಕಾಪಾಡುವ ತಂತ್ರಾಂಶವನ್ನು ನಿರ್ದಿಷ್ಟ ಅವಧಿಯವರೆಗೆ, ನಿರ್ದಿಷ್ಟ ಸಂಖ್ಯೆಯ ಯಂತ್ರಗಳಲ್ಲಿ ಬಳಸಲು ಪಡೆಯುವ ಹಕ್ಕು. ಒಂದೇ ಕಂಪನಿಯ ಒಂದೇ ಬಗೆಯ ಪರವಾನಗಿಗೂ ಬೇರೆ ಬೇರೆ ಮಾರಾಟಗಾರರಲ್ಲಿ ಬೇರೆ ಬೇರೆ ಬೆಲೆ ಇರುವುದುಂಟು.

ಮಾರಾಟದ ಬಗೆ

ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಕಂಪ್ಯೂಟಿಂಗ್ ಈ ಕ್ಷೇತ್ರದ ಭಾರತೀಯ ಕಂಪನಿಗಳು. ಪರವಾನಗಿಯು ಪೊಟ್ಟಣದಲ್ಲಿ ಮುದ್ರಿತ ಕೀಲಿಸಂಖ್ಯೆಯಾಗಿ ಅಂಗಡಿಗಳಲ್ಲಿಯೂ, ಮಿಂಚಂಚೆಯ ಮೂಲಕ ಬರುವ ಕೀಲಿಸಂಖ್ಯೆಯಾಗಿ ಅಂತರಜಾಲದಲ್ಲಿಯೂ ದೊರೆಯುತ್ತದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿಗಳಂತಹ ತಾಲ್ಲೂಕು ಕೇಂದ್ರಗಳ ಗ್ರಾಹಕನಿಗೆ ಈ ಎರಡು ದಾರಿಗಳೂ ತೆರೆದಿವೆ.

ವ್ಯತ್ಯಾಸಕ್ಕೆ ಕಾರಣಗಳು

ಪೊಟ್ಟಣವು ಕಂಪನಿಯಿಂದ ವಿತರಕನಿಗೆ, ಅವನಿಂದ ಅಂಗಡಿಗೆ ಬರುವಾಗ ಪ್ರತಿ ಹಂತದಲ್ಲಿಯೂ ಲಾಭಾಂಶ ಸೇರುತ್ತದೆ. ಹೆಚ್ಚು ಸಂಖ್ಯೆಯಲ್ಲಿ ಕೊಳ್ಳುವ ಮಾರಾಟಗಾರನಿಗೆ ರಿಯಾಯಿತಿ ಹೆಚ್ಚು. ಊರಿನ ಅಂಗಡಿಯವನು ತಂತ್ರಾಂಶವನ್ನು ಅಳವಡಿಸಿ, ತೊಂದರೆಯಾದಾಗ ನೋಡಿಕೊಡುವ ಕೆಲಸವನ್ನೂ ಬೆಲೆಯಲ್ಲಿ ಸೇರಿಸಿರಬಹುದು. ಅಂತರಜಾಲದಲ್ಲಿ ಕೆಲವು ಕಂಪನಿಗಳು ಮೊದಲ ವರ್ಷಕ್ಕೆ ಕಡಿಮೆ ಬೆಲೆ ಇಟ್ಟು, ನವೀಕರಣದ ವೇಳೆ ಪೂರ್ಣ ಬೆಲೆ ಪಡೆಯುತ್ತವೆ.

ಯಂತ್ರಗಳ ಸಂಖ್ಯೆಯೂ ಮುಖ್ಯ. ಉದಾಹರಣೆಗೆ, ಒಂದು ಯಂತ್ರದ ಪರವಾನಗಿಗೆ 600 ರೂಪಾಯಿ, ಮೂರು ಯಂತ್ರಗಳದ್ದಕ್ಕೆ 1,200 ರೂಪಾಯಿ ಎಂದಾದರೆ, ಎರಡನೆಯದರಲ್ಲಿ ಯಂತ್ರವೊಂದಕ್ಕೆ ಬೀಳುವುದು 400 ರೂಪಾಯಿ ಮಾತ್ರ. ಆದರೆ ಒಂದೇ ಯಂತ್ರ ಇರುವವನಿಗೆ ಇದು ಲಾಭವಲ್ಲ.

ತೆರಿಗೆ ಮತ್ತು ಕಾನೂನು

ತಂತ್ರಾಂಶದ ಮೇಲೆ ಶೇ. 18ರಷ್ಟು ಸರಕು ಮತ್ತು ಸೇವಾ ತೆರಿಗೆ ಇದೆ. ಪೊಟ್ಟಣದ ಮೇಲಿನ ಗರಿಷ್ಠ ಚಿಲ್ಲರೆ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವಂತಿಲ್ಲ. 2009ರ ಕಾನೂನುಬದ್ಧ ಮಾಪನಶಾಸ್ತ್ರ ಅಧಿನಿಯಮ ಹಾಗೂ 2011ರ ಪೊಟ್ಟಣ ಸರಕು ನಿಯಮಗಳ ಪ್ರಕಾರ ಆ ಬೆಲೆಗಿಂತ ಹೆಚ್ಚಿಗೆ ಮಾರುವುದು ತಪ್ಪು, ಕಡಿಮೆಗೆ ಮಾರುವುದು ತಪ್ಪಲ್ಲ. ಮುದ್ರಿತ ಬೆಲೆಯು ಮೇಲ್ಮಿತಿ ಮಾತ್ರವಾದ್ದರಿಂದ ಅದರ ಕೆಳಗೆ ಬೆಲೆಗಳು ಭಿನ್ನವಾಗುತ್ತವೆ.

ಇಂತಹ ಮಾರಾಟವು ಸರಕೋ ಸೇವೆಯೋ ಎಂಬ ಪ್ರಶ್ನೆಯೂ ನ್ಯಾಯಾಲಯವನ್ನು ಮುಟ್ಟಿತ್ತು. ಸಿ.ಡಿ. ಮತ್ತು ಕೀಲಿಸಂಖ್ಯೆಯ ರೂಪದಲ್ಲಿ ಮಾರಿದ ಆಂಟಿವೈರಸ್ ತಂತ್ರಾಂಶವು ಸರಕು, ಅದಕ್ಕೆ ಹಿಂದಿನ ಸೇವಾ ತೆರಿಗೆ ಅನ್ವಯಿಸದು ಎಂದು ಕ್ವಿಕ್ ಹೀಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು.

ಅತಿ ಅಗ್ಗದ ಕೀಲಿಗಳು

ಎಲ್ಲ ಅಗ್ಗದ ಕೀಲಿಗಳೂ ನಕಲಿಯಲ್ಲ; ಹಳೆಯ ದಾಸ್ತಾನು ಅಥವಾ ರಿಯಾಯಿತಿ ಮಾರಾಟವೂ ಇರಬಹುದು. ಆದರೆ ಬೇರೆ ದೇಶಕ್ಕೆ ಮೀಸಲಾದವು, ಸಂಸ್ಥೆಯೊಂದಕ್ಕೆ ಸಗಟಾಗಿ ನೀಡಿದ್ದನ್ನು ಬಿಡಿಯಾಗಿ ಮಾರಿದವು, ಈಗಾಗಲೇ ಬಳಸಿದವು ಸಹ ಮಾರುಕಟ್ಟೆಗೆ ಬರುತ್ತವೆ. ಇವನ್ನು ಕಂಪನಿ ರದ್ದುಪಡಿಸಿದರೆ ಗ್ರಾಹಕನಿಗೆ ಹಣವೂ ಇಲ್ಲ, ರಕ್ಷಣೆಯೂ ಇಲ್ಲ.

ಖರೀದಿಯಲ್ಲಿ ಗಮನಿಸಬೇಕಾದುದು

ಅವಧಿ, ಯಂತ್ರಗಳ ಸಂಖ್ಯೆ, ನವೀಕರಣದ ಬೆಲೆ ಇವು ಮೂರನ್ನೂ ಸೇರಿಸಿ ಹೋಲಿಸಿದರೆ ಮಾತ್ರ ನಿಜವಾದ ಬೆಲೆ ತಿಳಿಯುತ್ತದೆ. ಮುಚ್ಚಳ ಒಡೆಯದ ಪೊಟ್ಟಣ ಹಾಗೂ ರಸೀದಿ ಅಗತ್ಯ. ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಉಚಿತವಾಗಿ ಅಡಕವಾಗಿರುವುದರಿಂದ, ಪ್ರತ್ಯೇಕ ಪರವಾನಗಿ ಬೇಕೇ ಎಂಬುದನ್ನೂ ಮೊದಲು ವಿಚಾರಿಸಬಹುದು.