ಗುರುಗ್ರಹದಲ್ಲಿ ನೀರೆಷ್ಟು?

ಬಯಲುಸೀಮೆಯ ಕೊಂಡ್ಲಹಳ್ಳಿಯಲ್ಲಿ ಒಂದು ಮಳೆಮಾಪಕವನ್ನಿಟ್ಟು, “ಕರ್ನಾಟಕದಲ್ಲಿ ಮಳೆಯೇ ಕಡಿಮೆ” ಎಂದು ಬರೆದುಬಿಟ್ಟರೆ ಆಗುಂಬೆಯವರು ಒಪ್ಪುತ್ತಾರೆಯೇ? ಅಳತೆ ಸರಿಯಿದ್ದರೂ ತೀರ್ಮಾನ ತಪ್ಪಬಹುದು. ಗುರುಗ್ರಹದ ವಿಷಯದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು.

ಗುರು ಅನಿಲಗಳ ಗ್ರಹ. ಇಳಿದು ನಿಲ್ಲಲು ಅಲ್ಲಿ ನೆಲವಿಲ್ಲ. 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆಯ ಶೋಧಕವು ಗಂಟೆಗೆ ಸುಮಾರು 1,70,000 ಕಿ.ಮೀ. ವೇಗದಲ್ಲಿ ಅದರ ವಾಯುಮಂಡಲವನ್ನು ಹೊಕ್ಕಿತು. ಉಷ್ಣಕವಚ ಅದನ್ನು ಕಾಪಾಡಿತು. ಬಳಿಕ ಪ್ಯಾರಾಚೂಟ್ ಬಿಚ್ಚಿಕೊಂಡಿತು. ಇಳಿಯುತ್ತಲೇ ಅದು ಉಷ್ಣತೆ, ಒತ್ತಡ, ಅನಿಲಗಳ ಪ್ರಮಾಣಗಳನ್ನು ಅಳೆದು, ಮೇಲೆ ಸಾಗುತ್ತಿದ್ದ ತಾಯಿನೌಕೆಗೆ ರೇಡಿಯೊ ಮೂಲಕ ತಿಳಿಸಿತು. ಸುಮಾರು 58 ನಿಮಿಷಗಳ ಮಾಹಿತಿ ಬಂತು. ಒತ್ತಡ ನಮ್ಮ ಭೂಮಿಯ ಮೇಲಿನದರ 20 ಪಟ್ಟನ್ನೂ ಮೀರಿದ ಆಳದಲ್ಲಿ ಸಂಕೇತ ನಿಂತಿತು.

ಜಲಜನಕ, ಹೀಲಿಯಂಗಳೇನೋ ಹೇರಳವಾಗಿದ್ದವು. ಆದರೆ ನೀರಾವಿ ನಿರೀಕ್ಷೆಗಿಂತ ತೀರ ಕಡಿಮೆ! ಹಾಗಾದರೆ ಗುರು ಹುಟ್ಟಿದ ಬಗೆಯನ್ನೇ ಮತ್ತೆ ಯೋಚಿಸಬೇಕೆ? ಭೂಮಿಯಿಂದ ತೆಗೆದ ಅವಕೆಂಪು ಚಿತ್ರಗಳು ಗುಟ್ಟನ್ನು ಬಿಡಿಸಿದವು. ಶೋಧಕ ಇಳಿದದ್ದು ಮೋಡ ವಿರಳವಾಗಿದ್ದ ಒಣ ಪ್ರದೇಶದಲ್ಲಿ. ಉಪಕರಣ ಸುಳ್ಳು ಹೇಳಿರಲಿಲ್ಲ. ಅದು ಕಂಡದ್ದು ಒಂದೇ ಜಾಗ.

2016ರಲ್ಲಿ ಗುರುವನ್ನು ತಲುಪಿದ ಜುನೊ ನೌಕೆ ಒಳಗಿಳಿಯದೆ, ಸುತ್ತುತ್ತಲೇ, ಮೋಡಗಳ ಅಡಿಯಿಂದ ಬರುವ ಸೂಕ್ಷ್ಮತರಂಗಗಳನ್ನು ಅಳೆಯಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಮಭಾಜಕ ವೃತ್ತದ ಬಳಿ ಸುಮಾರು 400 ಅಣುಗಳಿಗೆ ಒಂದು ನೀರಿನದು. ಇದೂ ಒಂದು ವಲಯದ ಲೆಕ್ಕವೇ ಎಂಬುದನ್ನು ಮರೆಯಬೇಡಿ.

ನಿಮ್ಮ ಪ್ರಯೋಗದ ಪುಸ್ತಕದಲ್ಲೂ ಅಷ್ಟೆ: ಅಳತೆ ಎಷ್ಟೆಂಬುದರ ಪಕ್ಕದಲ್ಲಿ, ಎಲ್ಲಿ ಅಳೆದಿರೆಂಬುದನ್ನೂ ಬರೆದಿಡಿ.