ಬಾಸೆಲ್‌ನ ಪೆಟ್ಟಿಗೆಗಳಲ್ಲಿ ನಮ್ಮೂರಿನ ಮುಖಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಹಳೆಯ ಕೋಟೆಬಾಗಿಲು ಸ್ಪಾಲೆನ್‌ಟೋರ್. ಅದನ್ನು ದಾಟಿ ಸ್ವಲ್ಪ ದೂರ ನಡೆದರೆ ಮಿಸಿಯೊನ್ಸ್‌ಸ್ಟ್ರಾಸೆಯಲ್ಲಿ 21ನೇ ನಂಬರಿನ ದೊಡ್ಡ ಕಟ್ಟಡ ಎದುರಾಗುತ್ತದೆ. 1860ರಲ್ಲಿ ಕಟ್ಟಿದ ಮಿಶನ್ ಹೌಸ್ ಇದು. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, ನಿಘಂಟಿನ ಕಿಟ್ಟೆಲ್ ಇಬ್ಬರನ್ನೂ ನಮ್ಮ ನಾಡಿಗೆ ಕಳಿಸಿದ ಬಾಸೆಲ್ ಮಿಶನ್ನಿನ ದಾಖಲೆಗಳು ಈಗ ಇಲ್ಲಿವೆ. 1834ರಿಂದ ಭಾರತದಿಂದ ಬಂದ ಪತ್ರ, ವರದಿ, ನಕ್ಷೆಗಳ ಜೊತೆಗೆ ಫೋಟೊಗಳ ದೊಡ್ಡ ಭಂಡಾರವೂ ಇದೆ.

ಮೊದಲೇ ತಿಳಿಸಿ ಬಂದವರಿಗೆ ವಾಚನಾಲಯದ ಮೇಜು ಸಿಗುತ್ತದೆ. ಕಾಗದದ ಮೇಲೆ ಅಚ್ಚಾದ ಚಿತ್ರಗಳು, ಆಲ್ಬಂಗಳು, ಗಾಜಿನ ನೆಗೆಟಿವ್‌ಗಳು, ಮಾಯಾದೀಪದ ಸ್ಲೈಡುಗಳು ಹೀಗೆ ಸಂಗ್ರಹದಲ್ಲಿ ಹಲವು ಬಗೆ. ಮಿಶನ್ನಿನ ಕೆಲಸವನ್ನು ಯುರೋಪಿನ ಜನರಿಗೆ ತೋರಿಸಿ ಬೆಂಬಲ ಪಡೆಯಲು ತೆಗೆಸಿದ ಚಿತ್ರಗಳೇ ಇವುಗಳಲ್ಲಿ ಹೆಚ್ಚು. ಆದರೆ ನಾವು ನೋಡುವುದು ಬೇರೆಯದನ್ನೇ: ಹಂಚಿನ ಕಾರ್ಖಾನೆಯ ಕಾರ್ಮಿಕರು, ಮಗ್ಗದ ಮುಂದೆ ಕುಳಿತ ನೇಕಾರರು, ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಹೆಣ್ಣುಮಕ್ಕಳು.

28,000ಕ್ಕೂ ಹೆಚ್ಚು ಹಳೆಯ ಚಿತ್ರಗಳು ಇಂದು ಬಾಸೆಲ್ ಮಿಶನ್ನಿನ ‘ಬಿಎಂ ಆರ್ಕೈವ್ಸ್’ ಜಾಲತಾಣದಲ್ಲಿವೆ. ಇದಕ್ಕೆ ಹಿಡಿದ ಶ್ರಮ ಸ್ಕ್ಯಾನರಿನದ್ದಕ್ಕಿಂತ ಹೆಚ್ಚಾಗಿ ವಿವರ ಬರೆಯುವವರದ್ದು. ಒಂದು ದಾಖಲೆಯನ್ನು ತೆರೆದು ನೋಡಿ. ಮೊದಲು ಕ್ರಮಸಂಖ್ಯೆ, ಭಾರತದ ಚಿತ್ರಗಳಿಗೆ ‘ಸಿ-30’ ಎಂಬ ಆರಂಭ ಸಾಮಾನ್ಯ. ನಂತರ ಶೀರ್ಷಿಕೆ. ಉದ್ಧರಣ ಚಿಹ್ನೆಯೊಳಗಿದ್ದರೆ ಅದು ಚಿತ್ರದೊಂದಿಗೆ ಬಂದ ಮೂಲ ಬರಹ, ಇಲ್ಲದಿದ್ದರೆ ವಿವರ ಬರೆದವರ ಮಾತು. ಯಾರದು ಯಾವುದು ಎಂದು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿಟ್ಟಿರುವುದು ಸಂಶೋಧಕರಿಗೆ ದೊಡ್ಡ ಉಪಕಾರ. ಸ್ಥಳವನ್ನು ಖಂಡ, ದೇಶ, ಊರು ಎಂದು ಮೆಟ್ಟಿಲು ಮೆಟ್ಟಿಲಾಗಿ ನಮೂದಿಸಿದ್ದಾರೆ. ಹಿಂದೆ, ಮುಂದೆ ಎರಡು ಗಡಿ ಹಾಕಿ ಕಾಲವನ್ನೂ ಸೂಚಿಸಿದ್ದಾರೆ.

ಈ ಗಡಿ ಗುರುತಿಸುವುದಕ್ಕೆ ಇತಿಹಾಸದ ತಿಳಿವಳಿಕೆ ಬೇಕು. ಮಂಗಳೂರಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ; ಅದರ ಚಿಮಣಿ ಕಂಡರೆ ಚಿತ್ರ ಅದಕ್ಕಿಂತ ಹಿಂದಿನದಲ್ಲ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಶನರಿಗಳ ಕೆಲಸಕ್ಕೆ ಅಡ್ಡಿಯಾಯಿತು. ಅವರು ತಮ್ಮ ಠಾಣೆಯಲ್ಲಿ ಕೆಲಸದಲ್ಲಿರುವ ಚಿತ್ರದ ಕಾಲ ಗುರುತಿಸಲು ಇದೂ ಒಂದು ಸುಳಿವು.

ಆದರೆ ಒಂದು ಕೊರತೆ ಕಣ್ಣಿಗೆ ರಾಚುತ್ತದೆ. ಹಲವು ಚಿತ್ರಗಳಲ್ಲಿ ಮಿಶನರಿಯ ಹೆಸರಿದೆ, ಪಕ್ಕದಲ್ಲಿ ನಿಂತ ನಮ್ಮವರ ಹೆಸರಿಲ್ಲ. ‘ಉಪದೇಶಿಯ ಕುಟುಂಬ’, ‘ನೇಕಾರರು’ ಎಂದಷ್ಟೇ ಬರೆದು ಮುಗಿಸಿದ್ದಾರೆ. ಬಾಸೆಲ್‌ನಲ್ಲಿ ಕುಳಿತವರು ಎಷ್ಟೇ ಶ್ರದ್ಧೆಯಿಂದ ದುಡಿದರೂ ಈ ಖಾಲಿ ಜಾಗ ತುಂಬುವುದು ಕಷ್ಟ. ಆ ಮುಖಗಳ ಗುರುತು ಸಿಗುವುದು ಜೆಪ್ಪು, ಬಲ್ಮಠ, ಬೆಟಗೇರಿ, ಧಾರವಾಡದ ಮನೆಗಳಲ್ಲಿ, ಅಲ್ಲಿನ ಚರ್ಚ್ ದಫ್ತರಗಳಲ್ಲಿ. ಜಾಲತಾಣದಲ್ಲಿ ಚಿತ್ರ ಹಾಕಿದ್ದರ ನಿಜವಾದ ಲಾಭ ಇದೇ: ಸಾವಿರಾರು ಮೈಲಿ ದೂರದ ಪೆಟ್ಟಿಗೆಯಲ್ಲಿದ್ದ ಫೋಟೊ, ಅದನ್ನು ಗುರುತಿಸಬಲ್ಲವರ ಕೈಗೆ ಬಂದಿದೆ.

ನೋಡಲು ಕಾಸು ಕೊಡಬೇಕಿಲ್ಲ. ಪುಸ್ತಕದಲ್ಲಿ ಅಚ್ಚು ಹಾಕಿಸುವುದಾದರೆ ಅನುಮತಿ ಕೇಳಿ. ಹುಡುಕುವಾಗ ಇಂದಿನ ಹೆಸರಿನ ಜೊತೆಗೆ ಮರ್ಕಾರ, ಧಾರ್ವಾರ್‌ನಂಥ ಹಳೆಯ ಹೆಸರುಗಳನ್ನೂ ಹಾಕಿ ನೋಡಿ. ನಿಮ್ಮ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದಿದ್ದರೆ, ಅಜ್ಜಿ ಮಿಶನ್ ಶಾಲೆಯಲ್ಲಿ ಓದಿದ್ದರೆ, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಚಿತ್ರಗಳನ್ನು ತೋರಿಸಿ. ಒಂದು ಹೆಸರು ಸಿಕ್ಕರೂ ಕ್ರಮಸಂಖ್ಯೆಯ ಸಮೇತ ದಾಖಲೆ ವಿಭಾಗಕ್ಕೆ ಬರೆದು ತಿಳಿಸಿ. ಆ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.