ಎಲ್ಲ ಮಾತ್ರೆಗಳನ್ನೂ ಒಟ್ಟಿಗೆ ನೋಡುವ ಡಾಕ್ಟರು



ಕಳೆದ ವರ್ಷ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆವು. ಐವತ್ತು ದಾಟಿದ ಸದಸ್ಯೆಯೊಬ್ಬರು ಚಿಕಿತ್ಸೆಗೆಂದು ಮತ್ತೆ 8,000 ರೂಪಾಯಿ ಆಂತರಿಕ ಸಾಲ ಕೇಳಿದರು. ಹಿಂದಿನ ಸಾಲವೇ ಇನ್ನೂ ತೀರಿರಲಿಲ್ಲ. ಮಂಡಿನೋವಿಗೆ ಮೂಳೆ ಡಾಕ್ಟರು, ಕಾಲು ಊದಿದ್ದಕ್ಕೆ ಹಾರ್ಟ್ ಡಾಕ್ಟರು, ನಡುವೆ ಮೆಡಿಕಲ್ ಶಾಪು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮೊದಲಿಂದಲೂ ಇದ್ದವು. “ಸಿಸ್ಟರ್, ಒಬ್ಬೊಬ್ರು ಒಂದೊಂದು ಬರ್ದು ಕೊಟ್ರು, ಊತ ಮಾತ್ರ ಇಳೀಲಿಲ್ಲ” ಅಂದರು.

ಅವರು ಮೊದಲು ಕಾಣಬೇಕಾಗಿದ್ದದ್ದು ಫಿಸಿಷಿಯನ್ನರನ್ನು. ಇವರ ಬೋರ್ಡಿನಲ್ಲಿ ಸಾಮಾನ್ಯವಾಗಿ ಎಂ.ಡಿ. ಜನರಲ್ ಮೆಡಿಸಿನ್ ಎಂದಿರುತ್ತದೆ. ಎಂ.ಬಿ.ಬಿ.ಎಸ್. ಮುಗಿಸಿದ ಮೇಲೆ ಇನ್ನೂ 3 ವರ್ಷ ದೊಡ್ಡವರ ಕಾಯಿಲೆಗಳನ್ನೇ ಓದಿದವರು. ಬೇರೆ ದೇಶಗಳಲ್ಲಿ ಇಂಟರ್ನಿಸ್ಟ್ ಅಂತಾರೆ (ಆಸ್ಪತ್ರೆಯಲ್ಲಿ ತರಬೇತಿಗೆ ಇರುವ ಇಂಟರ್ನ್ ಹುಡುಗ ಹುಡುಗಿಯರೇ ಬೇರೆ). ಇವರು ಆಪರೇಷನ್ ಮಾಡುವುದಿಲ್ಲ. ಬಿಪಿ, ಸಕ್ಕರೆ, ಥೈರಾಯ್ಡ್, ರಕ್ತಹೀನತೆ, ಬಿಡದ ಜ್ವರ, ಕಾರಣ ಗೊತ್ತಾಗದ ಸುಸ್ತು ಇವೆಲ್ಲ ಇವರ ಕೆಲಸ. ಒಂದು ಅಂಗವನ್ನಲ್ಲ, ಇಡೀ ಮನುಷ್ಯರನ್ನು ನೋಡುತ್ತಾರೆ. ಬೇಕಾದರೆ ಮಾತ್ರ ಹಾರ್ಟ್ ಅಥವಾ ಕಿಡ್ನಿ ಡಾಕ್ಟರಿಗೆ ಬರೆದುಕೊಡುತ್ತಾರೆ.

ಆ ಸದಸ್ಯೆಯನ್ನು ನಾವು ಸರ್ಕಾರಿ ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಕರ್ಕೊಂಡು ಹೋದೆವು. ಡಾಕ್ಟರು ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿಸಿದರು. ಎರಡು ಪಟ್ಟಿಗಳ ಹೆಸರು ಬೇರೆ ಬೇರೆ, ಒಳಗಿದ್ದ ಔಷಧಿ ಒಂದೇ: ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ. ಒಂದು ಮೂಳೆ ಡಾಕ್ಟರು ಬರೆದದ್ದು, ಇನ್ನೊಂದು ಅಂಗಡಿಯಲ್ಲಿ ಕೇಳಿ ತಂದದ್ದು. ಅಂಗಡಿಯದ್ದರ ವಿಷಯ ಆ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ; ಅವರನ್ನು ದೂರಿ ಏನು ಪ್ರಯೋಜನ? ಇಂಥ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದರೆ ಮೈಯಲ್ಲಿ ಉಪ್ಪು, ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಬಿಪಿ ಏರುತ್ತದೆ. ಬಿಪಿ, ಸಕ್ಕರೆ ಇದ್ದವರ ಕಿಡ್ನಿಗೆ ಇನ್ನೂ ಅಪಾಯ. ಇವರ ರಕ್ತದಲ್ಲಿ ಕ್ರಿಯಾಟಿನಿನ್ ಆಗಲೇ ಹೆಚ್ಚಾಗಿತ್ತು, ಅಂದರೆ ಕಿಡ್ನಿ ಸೋಲುತ್ತಿತ್ತು.

ಡಾಕ್ಟರು ಎರಡನ್ನೂ ನಿಲ್ಲಿಸಿ, ಬಿಪಿ ಮಾತ್ರೆ ಬದಲಿಸಿ, ಮಂಡಿಗೆ ವ್ಯಾಯಾಮ ಹೇಳಿಕೊಟ್ಟರು. ಮೂರು ವಾರದಲ್ಲಿ ಊತ ಇಳಿಯಿತು. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ, ಆಗಾಗ ರಕ್ತ ಪರೀಕ್ಷೆ ನಡೆದಿದೆ. ಎರಡನೇ ಸಾಲ ಬೇಕಾಗಲಿಲ್ಲ.

ನೀವು ಹೋಗುವಾಗ ಹಳೇ ಚೀಟಿ, ರಿಪೋರ್ಟು, ಎಲ್ಲ ಮಾತ್ರೆ ಪಟ್ಟಿ ಒಂದೇ ಚೀಲದಲ್ಲಿ ಹಾಕ್ಕೊಳ್ಳಿ. ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ಮಾತ್ರೆಯನ್ನೂ ಮುಚ್ಚಿಡಬೇಡಿ, ಬೈದರೆ ಬೈಯಲಿ. “ಇದು ಯಾತಕ್ಕೆ, ಎಷ್ಟು ದಿನ?” ಅಂತ ಕೇಳಿ. ಬಿಪಿ, ಸಕ್ಕರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಎದೆನೋವು ಬಂದರೆ, ಬಾಯಿ ಸೊಟ್ಟಗಾದರೆ ಚೀಲ ಹುಡುಕುತ್ತಾ ಕೂರಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ.